ಅರಳೆರಾಯರಿಗೆ ಇನ್ನು ಓಟಿ ಇಲ್ಲ

ಅರಳೆರಾಯರ ತಲೆಗೂದಲು ಕಪ್ಪೋ ಬಿಳಿಯೋ ಎನ್ನುವುದು ಭಾನುವಾರ ಮಾತ್ರ ಗೊತ್ತಾಗುತ್ತಿತ್ತು. ಮಿಕ್ಕ ದಿನಗಳಲ್ಲಿ ಅದರ ಮೇಲೆ ಹಾಸಿಗೆ ಕಾರ್ಖಾನೆಯ ಅರಳೆ ತೆಳ್ಳಗೆ ಕೂತಿರುತ್ತಿತ್ತು. ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ, ಅಂಗಿಯ ಜೇಬಿನಲ್ಲಿ ಕೂಡ ಅದೇ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಸಂಬಳದ ಚೀಟಿಯೊಂದನ್ನು ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಅವರ ಕೆಲಸ ಇಂಥದೇ ಎಂದು ಹೇಳುವುದು ಕಷ್ಟ. ಹೊಲಿದು ಮುಗಿದ ಹಾಸಿಗೆಗಳಿಗೆ ಚೀಟಿ ಅಂಟಿಸಿ ಲಾರಿಗೆ ಹತ್ತಿಸಿ ಕಳಿಸುವುದು ಎಂದು ಹೇಳಿ ಸೇರಿಸಿಕೊಂಡಿದ್ದರು. ಹೊರುವವರು ಬರದ ದಿನ ತಾವೇ ಹೊರುವುದು, ದಾರ ಮುಗಿದರೆ ಓಡಿಹೋಗಿ ತರುವುದು, ಯಜಮಾನರ ಕನ್ನಡಕ ಕಳೆದರೆ ಹುಡುಕುವುದು, ಇವೆಲ್ಲ ಆಮೇಲೆ ತಾವಾಗಿಯೇ ಬಂದು ಸೇರಿಕೊಂಡವು. ಯಾರು ಏನು ಹೇಳಿದರೂ "ಆಯ್ತು" ಎನ್ನುವುದು ರಾಯರ ಹುಟ್ಟುಗುಣ. ಸಂಜೆ ಸ್ವಲ್ಪ ಹೊತ್ತು ನಿಲ್ಲಿ ಎಂದರೂ ಆಯ್ತು. ಹಾಗೆ ನಿಂತದ್ದಕ್ಕೆ ಓಟಿ ಎಂದು ದುಪ್ಪಟ್ಟು ಕೂಲಿ ಬರುತ್ತಿತ್ತು. ಮನೆ ನಡೆಯುತ್ತಿದ್ದದ್ದು ಸಂಬಳದಿಂದ, ಮನೆ ನಗುತ್ತಿದ್ದದ್ದು ಓಟಿಯಿಂದ.

ಆ ಮನೆಯಲ್ಲಿ ಇದ್ದವರು ರಾಯರು, ಅವರ ಹೆಂಡತಿ ಮತ್ತು ಹೆಂಡತಿಯ ತಾಯಿ. ಈ ಅತ್ತೆಗೆ ಇಬ್ಬರು ಅಳಿಯಂದಿರು. ದೊಡ್ಡವರು ಬ್ಯಾಂಕಿನಲ್ಲಿ ಸಾಹೇಬರು. ಅವರ ಮನೆಯಲ್ಲಿ ಅತ್ತೆ ಒಂದು ವಾರಕ್ಕಿಂತ ಹೆಚ್ಚು ಬಾಳಿದ್ದಿಲ್ಲ, ಅದು ಬೇರೆ ಮಾತು. ಚಿಕ್ಕಳಿಯ ರಾಯರ ಮನೆಯಲ್ಲೇ ವರ್ಷಗಟ್ಟಲೆಯಿಂದ ಇದ್ದರೂ ಅವರೊಡನೆ ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದಿಲ್ಲ. ಊಟಕ್ಕೆ ಎದುರುಬದರು ಕೂತಾಗಲೂ, "ಉಪ್ಪು ಆ ಕಡೆ ಇದೆಯಲ್ಲ, ಈ ಕಡೆ ಸರಿಸೋಕೆ ಹೇಳೇ" ಎಂದು ಅರ್ಜಿ ಮಗಳ ಮೂಲಕವೇ ಹೋಗಬೇಕು. ರಾಯರು ಉಪ್ಪು ಸರಿಸುವರು. ಅವರಿಗೆ ಇದರಿಂದ ಬೇಜಾರಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಕೆಂದು ಯಾರೂ ಹೇಳಿರಲಿಲ್ಲ.

ಹೀಗಿರುವಾಗ ಒಂದು ದಿನ ಯಜಮಾನರು ರಾಯರನ್ನು ಒಳಗೆ ಕರೆದರು.

"ರಾಯರೇ, ಇವತ್ತಿಂದ ನೀವು ಮ್ಯಾನೇಜರ್."

"ಆಯ್ತು," ಎಂದರು ರಾಯರು. ಆಮೇಲೆ ಮಾತಿನ ಅರ್ಥವಾಗಿ ಗೋಡೆ ಹಿಡಿದುಕೊಂಡರು.

"ಸಂಬಳಾನೂ ಒಂಚೂರು ಏರಿಸಿದ್ದೀನಿ. ಸರ್ಕಾರದೋರು ಒಂದು ಮಿತಿ ಇಟ್ಟಿದ್ದಾರಂತೆ, ಅದನ್ನ ದಾಟಬೇಕು ಅಂತ ಆಡಿಟರ್ ಹೇಳಿದ್ರು. ದಾಟಿಸಿದ್ದೀನಿ, ಕೂದಲೆಳೆಯಷ್ಟು. ಇನ್ಮೇಲೆ ನಿಮಗೆ ಓಟಿ ಇಲ್ಲ."

ಮೂಲೆಯಲ್ಲಿ ಒಂದು ಮೇಜು, ಗಿರಕಿ ಹೊಡೆಯುವ ಒಂದು ಕುರ್ಚಿ, 'ಮ್ಯಾನೇಜರ್' ಎಂದು ಬರೆದ ತಗಡಿನ ಹಲಗೆ ಆಗಲೇ ಬಂದು ಕೂತಿದ್ದವು. ಕುರ್ಚಿ ಎಡಕ್ಕೆ ಮಾತ್ರ ತಿರುಗುತ್ತಿತ್ತು. ಬಲಗಡೆಯವರನ್ನು ನೋಡಬೇಕಾದರೆ ಪೂರ್ತಿ ಒಂದು ಸುತ್ತು ಬರಬೇಕು.

ಅಂದು ಲಾರಿ ಬೇಗ ಹೋದದ್ದರಿಂದ ರಾಯರು ಬೆಳಕಿರುವಾಗಲೇ ಮನೆ ಸೇರಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಸುದ್ದಿ ಹೇಳಿದರು. ಹೆಂಡತಿ ಕೇಳಿದ್ದು ಒಂದೇ ಮಾತು.

"ಓಟಿ ಇಲ್ಲ ಅಂದ್ರೆ?"

"ಸಂಜೆ ನಿಲ್ಲೋ ಹಾಗಿಲ್ಲ. ಆರು ಗಂಟೆಗೆ ಬಾಗಿಲಲ್ಲಿರ್ತೀನಿ."

ಆಕೆ ಒರೆಸಿ ಒಣಗಿದ್ದ ಪಾತ್ರೆಯನ್ನೇ ಮತ್ತೆ ಒರೆಸಿದಳು. "ಭಾನುವಾರ ಬಿಟ್ರೆ ನಿಮ್ಮ ಮುಖಾನ ಹಗಲು ಬೆಳಕಲ್ಲಿ ನೋಡಿ ಎಷ್ಟು ಕಾಲ ಆಯ್ತು ಗೊತ್ತಾ. ದಿನಾ ಸಂಜೆ ಕೆರೆ ದಂಡೆ ತನಕ ನಡ್ಕೊಂಡು ಹೋಗಿ ಬರೋಣ. ಏನೂ ಕೆಲಸ ಬೇಡ ಅಲ್ಲಿ. ಸುಮ್ನೆ."

"ಆಯ್ತು," ಎಂದರು ರಾಯರು. ಈ ಸಲದ ಆಯ್ತು ಗಂಟಲಿನಿಂದಲ್ಲ, ಇನ್ನೂ ಒಳಗಿನಿಂದ ಬಂದಿತ್ತು.

ಊಟಕ್ಕೆ ಕೂತಾಗ ಅತ್ತೆ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಎದುರಿಗೆ ನೇರವಾಗಿ ನೋಡಿ ಹೇಳಿದರು: "ಅಳಿಯಂದಿರೇ, ಉಪ್ಪು ಬೇಕಾ?"

ರಾಯರ ಕೈಯ ತುತ್ತು ಕೈಯಲ್ಲೇ ನಿಂತಿತು. ಉಪ್ಪು ಬೇಕಾಗಿರಲಿಲ್ಲ. ಆದರೆ ಇಷ್ಟು ವರ್ಷಕ್ಕೆ ಬಂದ ಮೊದಲ ನೇರ ಮಾತಿಗೆ ಬೇಡ ಎನ್ನುವುದು ಹೇಗೆ? ಹಾಕಿಸಿಕೊಂಡು, ಕಲೆಸಿ, ಕಣ್ಣಲ್ಲಿ ನೀರು ಬಂದರೂ ಬಿಡದೆ ಪೂರ್ತಿ ಉಂಡರು.

ಮರುದಿನ ಸಂಜೆ ರಾಯರು ನಲ್ಲಿಯಲ್ಲಿ ಮುಖ ತೊಳೆದು, ತಲೆ ಕೊಡವಿ, ಬಾಚಿಕೊಂಡು ಗೇಟಿನ ಕಡೆ ಹೆಜ್ಜೆ ಹಾಕಿದರು. ಯಜಮಾನರು ಎದುರಾದರು.

"ಎಲ್ಲಿಗೆ? ಲಾರಿ ಬರೋದಿದೆ."

"ಓಟಿ ಇಲ್ಲ ಅಂತ ತಾವೇ ಅಂದ್ರಲ್ಲ ಸಾರ್."

"ಹೂಂ, ಓಟಿ ಇಲ್ಲ. ಕೆಲಸ ಇದೆ."

"ಹಾಗಂದ್ರೆ ಸಾರ್, ಇಲ್ಲ ಅಂದದ್ದು ಯಾವುದು?"

"ದುಡ್ಡು," ಎಂದರು ಯಜಮಾನರು ತಾಳ್ಮೆಯಿಂದ. "ಮ್ಯಾನೇಜರ್ ಆದೋರಿಗೆ ಹೊತ್ತು ಗೊತ್ತು ಅನ್ನೋದಿಲ್ಲ. ಎಷ್ಟು ಹೊತ್ತು ನಿಂತ್ರೂ ಓಟಿ ಕೊಡಬೇಕಾಗಿಲ್ಲ. ಕಾನೂನೇ ಹಾಗಿದೆ. ನನ್ನ ಕೈಲಿ ಏನಿದೆ ಹೇಳಿ."

ಕಾನೂನೇ ಹಾಗಿದ್ದಮೇಲೆ ರಾಯರದೇನು? "ಆಯ್ತು" ಎನ್ನುವ ಮಾತು ಅವರನ್ನು ಕೇಳದೆಯೇ ಹೊರಬಂತು.

ಮನೆ ಮುಟ್ಟುವಾಗ ಬೀದಿದೀಪ ಹತ್ತಿಕೊಂಡಿತ್ತು. ಹೆಂಡತಿ ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದಳು. ಅವಳ ಹಿಂದೆ ಅತ್ತೆ ನಿಂತಿದ್ದರು. ನಿಜ ಹೇಳಬೇಕೆಂದೇ ರಾಯರು ಬಾಯಿ ತೆರೆದದ್ದು. ಆದರೆ ಅತ್ತೆ, "ಬಂದ್ರಾ, ದಣಿದಿದ್ದೀರಿ" ಎಂದುಬಿಟ್ಟರು.

"ಮೀಟಿಂಗ್ ಇತ್ತು," ಎಂದರು ರಾಯರು.

"ನೋಡೇ, ಮೀಟಿಂಗಂತೆ," ಎಂದು ಅತ್ತೆ ಮಗಳ ಕಡೆ ತಿರುಗಿದರು. "ದೊಡ್ಡಳಿಯಂದಿರಿಗೂ ಹೀಗೇ. ಮೀಟಿಂಗ್ ಅಂದ್ರೆ ಊಟ ಇಲ್ಲ ನಿದ್ದೆ ಇಲ್ಲ."

ಹೆಂಡತಿ ಎದ್ದು ಬಂದು ಗಂಡನ ಹುಬ್ಬಿನಿಂದ ಒಂದೆಳೆ ಅರಳೆ ತೆಗೆದಳು. "ಮೀಟಿಂಗಲ್ಲಿ ಅರಳೆ ಹಾರ್ತಿತ್ತಾ?"

"ಫ್ಯಾನ್ ಹಾಕಿದ್ರು."

ಆಕೆ ಬೈಯಲಿಲ್ಲ. ಚಪ್ಪಲಿ ಬಿಚ್ಚಿ, ಜೋಡಿಸಿ, ಬೆಂಚಿನ ಕೆಳಗೆ ತಳ್ಳಿದಳು. ಬೈದಿದ್ದರೆ ರಾಯರಿಗೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ಒಂದು ಮೀಟಿಂಗ್ ನಡೆದಮೇಲೆ ಎರಡನೆಯದು ಕಷ್ಟವಲ್ಲ. ಆ ತಿಂಗಳು ರಾಯರ ಮೀಟಿಂಗುಗಳಿಗೆ ಲೆಕ್ಕವೇ ಉಳಿಯಲಿಲ್ಲ. ಮೀಟಿಂಗು ಹೆಚ್ಚಾದಷ್ಟೂ ಅತ್ತೆಯ ಗೌರವ ಹೆಚ್ಚಿತು, ಗೌರವ ಹೆಚ್ಚಾದಷ್ಟೂ ನಿಜ ಹೇಳುವ ದಾರಿ ಕಿರಿದಾಯಿತು. ಬೀದಿಗೂ ಸುದ್ದಿ ಹಬ್ಬಿತು. ಮನೆ ಮಾಲೀಕರು ಬಾಡಿಗೆ ಏರಿಸುವ ಮಾತು ತೆಗೆದರು. ಕಟಿಂಗ್ ಅಂಗಡಿಯವನು ರಾಯರಿಗೆ ಹೊಸ ಟವೆಲು ಹೊದಿಸಿದ. ಪಕ್ಕದ ಮನೆಯಾಕೆ ಕಡಿಮೆ ಬೆಲೆಗೆ ಎರಡು ಹಾಸಿಗೆ, ಅವರ ಓರಗಿತ್ತಿ ನಾಲ್ಕು ದಿಂಬು, ಓರಗಿತ್ತಿಯ ತಮ್ಮ ಒಂದು ನೌಕರಿ ಕೇಳಿದರು. ರಾಯರು ಎಲ್ಲಕ್ಕೂ ಆಯ್ತು ಎಂದಿದ್ದರು.

ಇದನ್ನೆಲ್ಲ ನಂಬದವರು ಬೀದಿಯಲ್ಲಿ ಒಬ್ಬರೇ: ಎದುರುಮನೆಯ ಪಿಂಚಣಿ ತಾತ. ಸರ್ಕಾರಿ ಕಚೇರಿಯಲ್ಲಿ ಒಂದು ಆಯುಷ್ಯ ಕಳೆದು ಬಂದವರು. ಮೊಹರಿಲ್ಲದ ಯಾವ ಸಂಗತಿಯೂ ಅವರ ಮಟ್ಟಿಗೆ ನಡೆದದ್ದೇ ಅಲ್ಲ.

"ಬೋರ್ಡ್ ಹಾಕಿದ ಮಾತ್ರಕ್ಕೆ ಮ್ಯಾನೇಜರ್ ಆಗಲ್ಲಮ್ಮ," ಎಂದರು ಅವರು, ಅತ್ತೆ ಗೇಟಿನ ಬಳಿ ಮೀಟಿಂಗಿನ ಸುದ್ದಿ ಹೇಳುತ್ತಿದ್ದಾಗ. "ಅದಕ್ಕೆ ಸರ್ಕಾರದ ನಿಯಮ ಇದೆ. ಲೇಬರ್ ಆಫೀಸಿನೋರು ಒಪ್ಪಬೇಕು. ಒಪ್ಪಿದ್ದಾರಾ? ಕಾಗದ ಇದೆಯಾ?"

ಅತ್ತೆ ಮಾತು ಬೆಳೆಸಲಿಲ್ಲ. ಮರುದಿನ ಬೆಳಿಗ್ಗೆ ಒಳ್ಳೆಯ ಬಟ್ಟೆ ಉಟ್ಟು, ಯಾರಿಗೂ ಹೇಳದೆ ಬಸ್ಸು ಹತ್ತಿ ಲೇಬರ್ ಆಫೀಸಿಗೆ ಹೋದರು. ಅಲ್ಲಿ ನೆಗಡಿಯಾಗಿದ್ದ ಒಬ್ಬ ಮಹಿಳಾ ಅಧಿಕಾರಿ ಕರವಸ್ತ್ರ ಹಿಡಿದು ಕೂತಿದ್ದರು.

"ನಮ್ಮ ಅಳಿಯಂದಿರು ಮ್ಯಾನೇಜರ್ ಅಂತ ಒಂದು ಸರ್ಟಿಫಿಕೇಟ್ ಬೇಕಾಗಿತ್ತು," ಎಂದರು ಅತ್ತೆ.

ಅಧಿಕಾರಿಗೆ ಇಂಥ ಅರ್ಜಿ ಬಂದದ್ದು ಇದೇ ಮೊದಲು. "ಏನು ಕೆಲಸ ಮಾಡ್ತಾರಮ್ಮ ಅವರು?"

"ಏನು ಮಾಡಲ್ಲ ಅಂತ ಕೇಳಿ. ಲಾರಿಗೆ ಹಾಸಿಗೆ ಹತ್ತಿಸೋದ್ರಿಂದ ಹಿಡಿದು ಎಲ್ಲಾ ಅವರದೇ."

"ಅವರೇ ಹತ್ತಿಸ್ತಾರಾ?"

"ಅವರು ಮುಟ್ಟದೆ ಅಲ್ಲಿ ಒಂದು ದಿಂಬೂ ಅಲ್ಲಾಡಲ್ಲ."

"ಸಂಜೆ ಎಷ್ಟೊತ್ತಿಗೆ ಮನೆಗೆ ಬರ್ತಾರೆ?"

"ಅಷ್ಟು ದೊಡ್ಡೋರಿಗೆ ಹೊತ್ತು ಗೊತ್ತು ಎಲ್ಲಿರುತ್ತೆ ತಾಯಿ."

"ಹೆಚ್ಚಿನ ಹೊತ್ತಿಗೆ ದುಡ್ಡು ಕೊಡ್ತಾರಾ?"

ಅತ್ತೆಗೆ ಸ್ವಲ್ಪ ಸಿಟ್ಟೇ ಬಂತು. "ಮ್ಯಾನೇಜರಿಗೆ ಯಾರಾದ್ರೂ ಓಟಿ ಕೊಡ್ತಾರಾ? ಮರ್ಯಾದೆ ಪ್ರಶ್ನೆ."

ಅಧಿಕಾರಿ ಒಮ್ಮೆ ಸೀನಿ, ಪೆನ್ನಿನ ಮುಚ್ಚಳ ಹಾಕಿದರು. "ಬುಧವಾರ ನಾನೇ ಬಂದು ನೋಡ್ತೀನಮ್ಮ."

ಅತ್ತೆ ಇದನ್ನು ಮನೆಯಲ್ಲಿ ಸಂಭ್ರಮದಿಂದ ಹೇಳಿದಾಗ ರಾಯರ ಮುಖದಲ್ಲಿ ರಕ್ತ ಉಳಿಯಲಿಲ್ಲ. ಹೆಂಡತಿ ಗಂಡನ ಮುಖ ನೋಡಿದಳು, ತಾಯಿಯ ಮುಖ ನೋಡಿದಳು, ಕೊನೆಗೆ, "ಬರಲಿ ಬಿಡಿ, ಒಳ್ಳೇದೇ ಆಯ್ತು" ಎಂದು ಒಳಗೆ ಹೋದಳು.

ಕಾರ್ಖಾನೆಯಲ್ಲಿ ಸುದ್ದಿ ಕೇಳಿ ಯಜಮಾನರು ಆಡಿಟರಿಗೆ ಫೋನು ಮಾಡಿದರು. ಆಡಿಟರು, ಮ್ಯಾನೇಜರ್ ಎಂದಮೇಲೆ ಕೈಕೆಳಗೆ ಇಬ್ಬರಾದರೂ ಬೇಕು ಎಂದರು. ಯಜಮಾನರು ಸುತ್ತ ನೋಡಿ, ಹೊಲಿಗೆ ಯಂತ್ರದ ಕೆಲಸವಿಲ್ಲದ ಇಬ್ಬರನ್ನು ಆರಿಸಿದರು. ಒಬ್ಬರು ವಾಚ್‌ಮನ್. ಇನ್ನೊಬ್ಬರು ಸೂಜಿಯಜ್ಜಿ. ಹಾಸಿಗೆಯ ಮೂಲೆಗಳನ್ನು ಕೈಯಲ್ಲಿ ಹೊಲಿಯುವ ಈ ಅಜ್ಜಿ ಕಾರ್ಖಾನೆಗಿಂತ ಮೊದಲೇ ಅಲ್ಲಿದ್ದರು, ಕಾರ್ಖಾನೆಯನ್ನು ಆಮೇಲೆ ಅವರ ಸುತ್ತ ಕಟ್ಟಿದ್ದು ಎಂದು ಕೆಲವರ ನಂಬಿಕೆ.

"ಇವತ್ತಿಂದ ನೀವಿಬ್ರೂ ರಾಯರ ಕೈಕೆಳಗೆ," ಎಂದರು ಯಜಮಾನರು.

"ಇರಲಿ ಪಾಪ," ಎಂದರು ಸೂಜಿಯಜ್ಜಿ.

ಬುಧವಾರ ಅಧಿಕಾರಿ ಬಂದರು. ಒಳಗೆ ಕಾಲಿಡುತ್ತಲೇ ಅರಳೆಗೆ ಮೂಗು ಕೆರಳಿ ಸಾಲು ಸೀನು. ಅದು ಮುಗಿಯುವ ತನಕ ಎಲ್ಲರೂ ಗೌರವದಿಂದ ಕಾದರು. ರಾಯರು ಕುರ್ಚಿಯಲ್ಲಿ ಕೂತಿದ್ದರು. ಅಧಿಕಾರಿ ಬಂದದ್ದು ಬಲಗಡೆಯಿಂದ. ಆದ್ದರಿಂದ ಮ್ಯಾನೇಜರ್ ಮೊದಲು ಗೋಡೆಗೆ ಮುಖ ಮಾಡಿ, ಕಿಟಕಿಗೆ ಮುಖ ಮಾಡಿ, ಒಂದು ಸುತ್ತು ಮುಗಿಸಿಕೊಂಡು ಬಂದು ನಮಸ್ಕಾರ ಮಾಡಿದರು.

"ಇವರೇ ನಮ್ಮ ಮ್ಯಾನೇಜರ್," ಎಂದು ಯಜಮಾನರು ಹಲಗೆ ತೋರಿಸಿದರು.

"ಹಲಗೆ ಓದಿದೆ," ಎಂದರು ಅಧಿಕಾರಿ. "ಆದ್ರೆ ನಿಯಮ ಹಲಗೆ ನೋಡಲ್ಲ. ಬರೀ ಸಂಬಳಾನೂ ನೋಡಲ್ಲ. ಇವರು ದಿನವಿಡೀ ಮಾಡೋ ಕೆಲಸ ಏನು ಅಂತ ನೋಡುತ್ತೆ. ಕೈಕೆಳಗೆ ಜನ ಇರಬೇಕು. ಅವರಿಗೆ ಕೆಲಸ ಹೇಳೋದು, ರಜಾ ಕೊಡೋದು ಇವರ ಕೈಲೇ ಇರಬೇಕು. ಅಂಥವರಿಗೆ ಮಾತ್ರ ಓಟಿ ಕೊಡದೆ ಇರಬಹುದು."

"ಎಲ್ಲಾ ಇದೆ ಮೇಡಂ. ಇವರಿಬ್ರೂ ರಾಯರ ಕೈಕೆಳಗೆ. ಅವರು ಹೇಳಿದ ಹಾಗೆ ಕೇಳ್ತಾರೆ."

ಅಷ್ಟರಲ್ಲಿ ಸೂಜಿಯಜ್ಜಿಯ ಸೂಜಿ ಕೆಳಗೆ ಬಿತ್ತು. "ಏ ಅರಳೆ, ಎತ್ತಿಕೊಡಪ್ಪ, ನಂಗೆ ಬಗ್ಗೋಕಾಗಲ್ಲ," ಎಂದರು ಅಜ್ಜಿ. ಮ್ಯಾನೇಜರು ಕುರ್ಚಿಯಿಂದಿಳಿದು, ಮಂಡಿಯೂರಿ, ಮೇಜಿನಡಿ ತೆವಳಿ ಸೂಜಿ ತಂದುಕೊಟ್ಟರು.

"ನಮ್ಮಲ್ಲಿ ಎಲ್ಲಾ ಒಂದೇ ಮನೆಯೋರ ಥರ," ಎಂದರು ಯಜಮಾನರು.

ಅಧಿಕಾರಿ ಏನೋ ಬರೆದುಕೊಂಡರು. "ಇವರಿಗೆಲ್ಲ ರಜಾ ಕೊಡೋದು ಯಾರು?"

"ಮ್ಯಾನೇಜರೇ. ನಾನು ಮಧ್ಯೆ ಬಾಯಿ ಹಾಕೋದೇ ಇಲ್ಲ."

ಇದನ್ನು ಕೇಳಿ ವಾಚ್‌ಮನ್ ಒಂದು ಹೆಜ್ಜೆ ಮುಂದೆ ಬಂದ. "ಹಂಗಾದ್ರೆ ರಾಯರೇ, ಮಗಳಿಗೆ ಮಗು ಆಗಿದೆ. ನಾನಿನ್ನೂ ನೋಡಿಲ್ಲ. ಹೋಗಿಬರ್ಲಾ?"

ಯಜಮಾನರು ಹುಬ್ಬು ಹಾರಿಸಿದರು. ರಾಯರಿಗೆ ಅದು ಕಾಣಿಸಿತು. ಆದರೆ ವಾಚ್‌ಮನ್‌ನ ಮುಖ ಇನ್ನೂ ಹತ್ತಿರದಲ್ಲಿತ್ತು. "ಆಯ್ತು," ಎಂದರು.

"ನಂಗೂ ಕಣ್ಣಿನ ಡಾಕ್ಟ್ರ ಹತ್ರ ಹೋಗಬೇಕು," ಎಂದರು ಸೂಜಿಯಜ್ಜಿ.

"ಆಯ್ತು."

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಮ್ಯಾನೇಜರ ಮೇಜಿನ ಮುಂದೆ ಸಾಲು ಬೆಳೆಯಿತು. ಒಬ್ಬಳಿಗೆ ಹಲ್ಲುನೋವು. ಒಬ್ಬ ಮನೆ ಬದಲಾಯಿಸಬೇಕು. ಒಬ್ಬಳ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ. ಅರಳೆ ಹಿಂಜುವ ದಢೂತಿ ಆಸಾಮಿ ಮಾತ್ರ ಪ್ರಾಮಾಣಿಕವಾಗಿ, "ನಂಗೇನೂ ಕಾರಣ ಇಲ್ಲ ರಾಯರೇ, ಸುಮ್ನೆ ಮಲಗಬೇಕು" ಎಂದ. ಜನರಿಗೆಲ್ಲ ಹಾಸಿಗೆ ಮಾಡಿಕೊಟ್ಟವನು ತಾನು ಮಲಗಬೇಕು ಎಂದರೆ ಬೇಡ ಎನ್ನುವ ಎದೆ ಯಾರಿಗಿದೆ? ರಾಯರು ಆಯ್ತು ಎಂದರು.

ಯಜಮಾನರ ಪಾಡು ಯಾರಿಗೂ ಬೇಡ. ತಡೆದರೆ ಮ್ಯಾನೇಜರ್ ಸುಳ್ಳಾಗುತ್ತಾನೆ. ತಡೆಯದಿದ್ದರೆ ಕಾರ್ಖಾನೆ ಖಾಲಿಯಾಗುತ್ತದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಅಷ್ಟರಲ್ಲಿ ಕೊನೆಯವನೂ ಊಟದ ಡಬ್ಬಿ ಹಿಡಿದು ಗೇಟು ದಾಟಿದ್ದ. ಒಳಗೆ ಎಂದೂ ಇಲ್ಲದ ನಿಶ್ಶಬ್ದ. ಗಾಳಿಯಲ್ಲಿದ್ದ ಅರಳೆ ಮೆಲ್ಲಗೆ ಕೆಳಗಿಳಿಯುತ್ತಿತ್ತು.

ಹೊರಗೆ ಲಾರಿ ಹಾರನ್ ಹೊಡೆಯಿತು.

ರಾಯರು ಅಭ್ಯಾಸಬಲದಿಂದ ಎದ್ದು, ತಲೆಗೆ ಟವೆಲು ಸುತ್ತಿ, ಹಾಸಿಗೆಯೊಂದನ್ನು ಎತ್ತಿಕೊಂಡರು. ಇನ್ನೊಂದು ತುದಿ ನೆಲಕ್ಕೆ ಎಳೆಯುತ್ತಿತ್ತು. ಯಜಮಾನರು ಅತ್ತಿತ್ತ ನೋಡಿದರು, ಬೇರೆ ಯಾರೂ ಇರಲಿಲ್ಲ. ಕನ್ನಡಕ ಜೇಬಿಗಿಟ್ಟು ಆ ತುದಿ ಹಿಡಿದರು. ಹಾಸಿಗೆ ಮಡಿಚಿ ಅವರ ತಲೆಯ ಮೇಲೆ ಕೂತು, ಯಜಮಾನರ ಪೈಕಿ ಕಾಲೆರಡು ಮಾತ್ರ ಹೊರಗೆ ಕಂಡವು.

"ಇಷ್ಟು ಭಾರನಾ ಇದು?" ಎಂದಿತು ಹಾಸಿಗೆಯೊಳಗಿನ ದನಿ.

"ನೋಡೋಕೆ ಹಗುರ ಸಾರ್."

"ದಿನಾ ನೀವೇ ಹೊರ್ತೀರಾ?"

"ಹೊರೋರು ಬರದ ದಿನ."

"ಅವರು ಯಾವಾಗ ಬರ್ತಾರೆ?"

ರಾಯರು ನಡೆಯುತ್ತಲೇ ಯೋಚಿಸಿದರು. "ಅವರನ್ನ ತಾವು ಕೆಲಸದಿಂದ ಬಿಡಿಸಿ ತುಂಬ ದಿನ ಆಯ್ತು ಸಾರ್."



ಲಾರಿ ಅರ್ಧ ತುಂಬುವ ಹೊತ್ತಿಗೆ ಯಜಮಾನರು ಅಂಗಿ ಒದ್ದೆ ಮಾಡಿಕೊಂಡು ನೆಲದಲ್ಲೇ ಕೂತರು. ರಾಯರು ಇನ್ನೊಂದನ್ನು ತಲೆಗೇರಿಸಿ ತಿರುಗಿದಾಗ ಗೇಟಿನಲ್ಲಿ ಅತ್ತೆ ಕಂಡರು. ಒಳ್ಳೆಯ ಬಟ್ಟೆ, ಕೈಯಲ್ಲಿ ಅಳಿಯನಿಗೆಂದು ತಂದ ಬಿಸಿ ಊಟ. ಸರ್ಟಿಫಿಕೇಟ್ ಕೊಡುವುದನ್ನು ಕಣ್ಣಾರೆ ನೋಡಲು ಬಂದಿದ್ದರು. ಹಾಸಿಗೆಯ ಕೆಳಗೆ ಅಳಿಯ, ಎದುರಿಗೆ ಅತ್ತೆ. ಇಬ್ಬರೂ ಅಲ್ಲಾಡಲಿಲ್ಲ.

"ಬನ್ನಿ ಅಮ್ಮ, ಸರಿಯಾದ ಹೊತ್ತಿಗೆ ಬಂದ್ರಿ," ಎಂದರು ಅಧಿಕಾರಿ. ಆಮೇಲೆ ರಾಯರ ಕಡೆ ತಿರುಗಿದರು. "ನಾನು ಕಂಡದ್ದು ಕಂಡೆ. ಆದ್ರೂ ನಿಮ್ಮ ಬಾಯಿಂದ ಕೇಳಬೇಕು. ನೀವು ಮ್ಯಾನೇಜರಾ?"

ರಾಯರು ಹಾಸಿಗೆ ಇಳಿಸಿದರು. ಯಜಮಾನರನ್ನು ನೋಡಿದರು, ಅವರು ನೆಲ ನೋಡುತ್ತಿದ್ದರು. ಅತ್ತೆಯನ್ನು ನೋಡಿದರು. ಹೂಂ ಎಂದರೆ ನಾಳೆಯೂ ಎದುರಿಗೆ ನೋಡಿ ಮಾತಾಡುತ್ತಾರೆ. ಅಷ್ಟು ಸಿಕ್ಕಿದ್ದೇ ಎಷ್ಟು ವರ್ಷದ ಮೇಲೆ! ಆದರೆ ಬೆಂಚಿನ ಕೆಳಗೆ ಜೋಡಿಸಿಟ್ಟ ಒಂದು ಜೊತೆ ಚಪ್ಪಲಿ ಕಣ್ಣ ಮುಂದಿನಿಂದ ಕದಲಲಿಲ್ಲ.

"ಅಲ್ಲ ಮೇಡಂ," ಎಂದರು. ದನಿ ಸಣ್ಣಗಿತ್ತು, ಆದರೆ ಕೇಳಿಸಿತು. "ನಾನು ಹಾಸಿಗೆ ಹತ್ತಿಸೋನು. ಆರು ಗಂಟೆಗೆ ಮನೆಗೆ ಹೋಗಬೇಕು ಅಂತ ಆಸೆ. ಹೋಗೋಕಾಗದ ದಿನ ಓಟಿ ಕೊಟ್ರೆ ಸಾಕು."

ಯಜಮಾನರು ಕೂತಲ್ಲಿಂದಲೇ ಕೈ ಎತ್ತಿದರು. "ಹಾಗೇ ಬರ್ಕೊಳ್ಳಿ ಮೇಡಂ. ಆಡಿಟರ್ ಹೇಳಿದ್ರು, ಕೇಳಿದೆ. ಅವರು ಇದನ್ನ ಒಂದು ಸಲ ಹೊತ್ತಿದ್ರೆ ಹಾಗೆ ಹೇಳ್ತಿರಲಿಲ್ಲ."

ಉಳಿಸಿಕೊಂಡ ಓಟಿಯನ್ನು ಪೂರ್ತಿ ಕೊಡತಕ್ಕದ್ದು, ಹೊರುವವರನ್ನು ಮತ್ತೆ ಕರೆಸಿದರೆ ಒಳ್ಳೆಯದು ಎಂದು ಹೇಳಿ ಅಧಿಕಾರಿ ಸೀನುತ್ತ ಹೊರಟರು. ರಾಯರಿಗೂ ಆ ದಿನ ಯಜಮಾನರು ತಾವಾಗಿಯೇ ರಜಾ ಕೊಟ್ಟರು. ರಜಾ ಸಿಗದೆ ಉಳಿದವರು ರಾಯರೊಬ್ಬರೇ ಆಗಿದ್ದರು.

ಮನೆಯ ದಾರಿಯುದ್ದಕ್ಕೂ ಅತ್ತೆ ಮುಂದೆ, ರಾಯರು ಊಟದ ಡಬ್ಬಿ ಹಿಡಿದು ಹಿಂದೆ.

"ತಪ್ಪಾಯ್ತು ಅತ್ತೆ," ಎಂದರು ರಾಯರು ಅರ್ಧ ದಾರಿಯಲ್ಲಿ.

ಅತ್ತೆ ನಿಂತು ತಿರುಗಿದರು. "ಅಷ್ಟು ಹೊತ್ಕೊಂಡು ಬಂದು, ಮನೇಲಿ ಮೀಟಿಂಗ್ ಅಂತಿದ್ರಲ್ಲ. ಬೆನ್ನು ನೋಯಲ್ವಾ ನಿಮಗೆ?"

"ಅಭ್ಯಾಸ ಆಗಿದೆ."

"ಅಭ್ಯಾಸ ಆದ್ರೆ ನೋಯಲ್ವಾ?"

ಇದನ್ನು ಈವರೆಗೆ ಅವರನ್ನು ಯಾರೂ ಕೇಳಿರಲಿಲ್ಲ. "ನೋಯುತ್ತೆ," ಎಂದರು ರಾಯರು.

"ನನ್ನ ಮಂಡಿಗೆ ಹಚ್ಚೋ ಎಣ್ಣೆ ಇದೆ. ಸಂಜೆ ಬಿಸಿ ಮಾಡಿಕೊಡ್ತೀನಿ," ಎಂದು ಅತ್ತೆ ಮತ್ತೆ ನಡೆದರು. ಈ ಸಲ ಸ್ವಲ್ಪ ನಿಧಾನವಾಗಿ, ಅಳಿಯ ಪಕ್ಕಕ್ಕೆ ಬರುವಷ್ಟು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು. ಹೊತ್ತು ಇಳಿಯಲು ಇನ್ನೂ ಸಮಯವಿತ್ತು. ಗಂಡ ಹೆಂಡತಿ ಕೆರೆ ದಂಡೆಗೆ ಹೋದರು. ಅಲ್ಲಿ ಏನು ಮಾತಾಡಿದರು ಎನ್ನುವುದು ಬೀದಿಗೆ ತಿಳಿಯಲಿಲ್ಲ, ನಮಗೂ ಬೇಡ.

ಹದಿನೈದು ದಿನ ಕಳೆದು ಲೇಬರ್ ಆಫೀಸಿನ ಕಾಗದ ಬಂತು. ಅತ್ತೆ ಅದನ್ನು ಬಿಡಿಸಿ, ಓದಿಸಿ, ಎರಡು ಕೈಯಲ್ಲಿ ಹಿಡಿದು ಸೀದಾ ಎದುರುಮನೆಗೆ ನಡೆದರು.

"ಕಾಗದ ಕೇಳಿದ್ರಲ್ಲ, ನೋಡಿ," ಎಂದು ಪಿಂಚಣಿ ತಾತನ ಮುಂದೆ ಹಿಡಿದರು. "ನಮ್ಮ ಅಳಿಯಂದಿರು ಮ್ಯಾನೇಜರ್ ಅಲ್ಲ. ಆಫೀಸರು ಖುದ್ದು ಬಂದು, ಕಣ್ಣಾರೆ ನೋಡಿ, ಅಲ್ಲ ಅಂತ ಬರೆದುಕೊಟ್ಟಿದ್ದಾರೆ. ನಿಮ್ಮ ಅಳಿಯಂದಿರಿಗೆ ಹೀಗೆ ಯಾರಾದ್ರೂ ಬರೆದುಕೊಟ್ಟಿದ್ದಾರಾ?"

ಪಿಂಚಣಿ ತಾತ ಕಾಗದವನ್ನು ಬೆಳಕಿಗೆ ಹಿಡಿದರು. ಮೊಹರು ಸರಿಯಾಗಿತ್ತು. ಸಹಿ ಸರಿಯಾಗಿತ್ತು. ಹಿಂದೆ ಮುಂದೆ ತಿರುಗಿಸಿ ನೋಡಿದರೂ ಒಂದು ಕುಂದೂ ಸಿಗಲಿಲ್ಲ.

"ಇಲ್ಲಮ್ಮ," ಎಂದರು ಅವರು, ಕಾಗದವನ್ನು ಗೌರವದಿಂದ ಮಡಿಚಿ ಹಿಂದಕ್ಕೆ ಕೊಡುತ್ತ. "ನಮ್ಮೋರಿಗೆ ಅಂಥ ಯೋಗ ಎಲ್ಲಿ ಬರಬೇಕು."